ಹತ್ತು ಬಂದರೆ ಅರ್ಧ ಮೀಸೆ

ಅಂಗಿಗುಂಡಿ ಕಾರ್ಖಾನೆಯ ಮೀಸೆರಾಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಒಂದಿತ್ತು. ಅದು ಅವನ ಜೇಬಿನ ಮೇಲಿನ ಬಿಲ್ಲೆಯಲ್ಲಿ ಅಚ್ಚಾಗಿತ್ತು ಕೂಡ. ಆದರೆ ನೋಡುವವರ ಕಣ್ಣು ಮೀಸೆಯನ್ನು ದಾಟಿ ಜೇಬಿನ ತನಕ ಇಳಿಯುತ್ತಿರಲಿಲ್ಲವಾದ್ದರಿಂದ ಆ ಹೆಸರನ್ನು ಯಾರೂ ಓದಿರಲಿಲ್ಲ. ಮೂಗಿನ ಕೆಳಗೆ ಹುಟ್ಟಿ, ಎರಡೂ ಕೆನ್ನೆಗೆ ಹಬ್ಬಿ, ತುದಿಯಲ್ಲಿ ಕೆಳಗಿಳಿದು ಬಾಯನ್ನು ಪೂರ್ತಿ ಮುಚ್ಚಿಬಿಟ್ಟಿದ್ದ ಮೀಸೆ ಅದು. ಕಂಪ್ಯೂಟರ್ ಮುಂದೆ ಕೂತು ಪ್ರೋಗ್ರಾಮ್ ಬರೆಯುವವನಿಗೆ ಇಂಥ ಮೀಸೆ ಯಾತಕ್ಕೆ ಎಂದು ಹೊಸಬರು ಒಂದು ಸಲ ಕೇಳುತ್ತಿದ್ದರು. ಅವನು ಸುಮ್ಮನೆ ಅವರನ್ನು ದಿಟ್ಟಿಸುತ್ತಿದ್ದ. ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ.

ಯಾತಕ್ಕೆ ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಅವನ ತುಟಿಯ ಎರಡು ಮೂಲೆಗಳು ಹುಟ್ಟಿನಿಂದಲೇ ಮೇಲಕ್ಕೆ ತಿರುಗಿಕೊಂಡಿದ್ದವು. ಅಳುವಾಗಲೂ ನಗುವ ಮುಖ. ಶಾಲೆಯಲ್ಲಿ ಹಲ್ಲು ಕಿರಿಯುತ್ತಾನೆಂದು ಏಟು ತಿಂದ. ದೊಡ್ಡಪ್ಪ ತೀರಿಕೊಂಡಾಗ ಮೂಲೆಯಲ್ಲಿ ನಿಂತು ನಿಜವಾಗಿಯೂ ದುಃಖಪಡುತ್ತಿದ್ದವನನ್ನು ಸೋದರತ್ತೆ ಕಿವಿ ಹಿಡಿದು ಹೊರಗೆ ಹಾಕಿದಳು. ಮೊದಲ ಕೆಲಸದಲ್ಲಿ, "ಸಾರ್, ಮೆಷಿನ್ನಿಗೆ ಬೆಂಕಿ ಹತ್ತಿದೆ" ಎಂದು ಓಡಿ ಬಂದು ಹೇಳಿದರೆ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು; ಬೆಂಕಿ ಅವರ ಮೇಜಿನ ತನಕ ಬಂತು. ಆಮೇಲೆಯೇ ಅವನು ಮೀಸೆ ಬಿಟ್ಟದ್ದು. ಬಿಟ್ಟ ಮೇಲೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರೂ ಜನ ತಲೆದೂಗತೊಡಗಿದರು. ಮದುವೆಯಾದದ್ದೂ ಆಮೇಲೆ, ಹಾಗಾಗಿ ಹೆಂಡತಿ ಕೂಡ ಆ ತುಟಿಯನ್ನು ಕಂಡವಳಲ್ಲ. ಮೀಸೆ ಹೋದರೆ ತನ್ನ ಮಾತಿನ ತೂಕವೂ ಹೋಯಿತು ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಇಂಥ ಮೀಸೆಯನ್ನು ಅವನು ಪಣಕ್ಕಿಟ್ಟುಬಿಟ್ಟ. ಅದೂ ಒಂದು ಅಂಕೆಯ ಮೇಲೆ.

ಕಾರ್ಖಾನೆಯ ನಡುವೆ ಗುಂಡಿ ಬೇರ್ಪಡಿಸುವ ಯಂತ್ರವಿತ್ತು. ಮೇಲೆ ಉಕ್ಕಿನ ದೊಡ್ಡ ತೊಟ್ಟಿ. ಅದರ ತುಂಬ ಅಂಗಿಯ ಗುಂಡಿಗಳು: ಎರಡು ತೂತಿನವು, ನಾಲ್ಕು ತೂತಿನವು, ಬಿಳಿಯವು, ಕಂದು ಬಣ್ಣದವು, ಕೋಟಿಗೆ ಹಾಕುವ ದಪ್ಪನೆಯವು, ಎಲ್ಲವೂ ಕಲಸುಮೇಲೋಗರ. ತೊಟ್ಟಿಯ ಅಡಿಯಲ್ಲೊಂದು ಪುಟ್ಟ ಕದ. ಮೀಸೆರಾಯ ಬರೆದ ಪ್ರೋಗ್ರಾಮ್ ಆ ಕದವನ್ನು ಒಂದಿಷ್ಟೇ ತೆರೆದು ಮುಚ್ಚುತ್ತ ಗುಂಡಿಗಳನ್ನು ಒಂದೊಂದಾಗಿ ಬೆಲ್ಟಿನ ಮೇಲೆ ಬಿಡುತ್ತಿತ್ತು. ಕ್ಯಾಮೆರಾ ನೋಡುತ್ತಿತ್ತು, ಗುಂಡಿ ಎಣಿಕೆಯಾಗಿ ತನ್ನ ಬಳಗದ ಪೊಟ್ಟಣಕ್ಕೆ ಹೋಗಿ ಬೀಳುತ್ತಿತ್ತು.

ಪ್ರೋಗ್ರಾಮ್ ತನ್ನಷ್ಟಕ್ಕೆ ತಾನು ಓಡುವುದಿಲ್ಲ. ಅಡುಗೆಯವನಿಗೆ ಒಲೆ ಬೇಕಾದ ಹಾಗೆ ಅದಕ್ಕೆ ಕೆಳಗೊಂದು ರನ್‌ಟೈಮ್ ಬೇಕು. ಅದನ್ನು ದೂರದಲ್ಲೆಲ್ಲೋ ಕೂತ ಜನ ತಯಾರಿಸಿ, ಆಗಾಗ ಸುಧಾರಿಸಿ, ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಬಿಡುತ್ತಾರೆ. ಮೂರನೆಯ ಆವೃತ್ತಿಯ ತನಕ ಅದು ಮಂದಗತಿಯದು. ಕದವನ್ನು ಅಷ್ಟು ಚುರುಕಾಗಿ ಆಡಿಸಲು ಅದಕ್ಕೆ ಬರುತ್ತಿರಲಿಲ್ಲ. ನಾಲ್ಕರಿಂದ ಮೇಲೆ ಬರುತ್ತಿತ್ತು. ಆದ್ದರಿಂದ ಮೀಸೆರಾಯನ ಪ್ರೋಗ್ರಾಮ್ ಪ್ರತಿ ಸಲ ಶುರುವಾದಾಗಲೂ ಮೊದಲು ತನ್ನ ರನ್‌ಟೈಮನ್ನು, ನೀನು ಎಷ್ಟನೆಯದಪ್ಪ, ಎಂದು ಕೇಳಿಕೊಳ್ಳುತ್ತಿತ್ತು. '4.2.1' ಎಂದೇನೋ ಉತ್ತರ ಬರುತ್ತಿತ್ತು. ಆ ಉತ್ತರದ ಮೊಟ್ಟಮೊದಲ ಅಂಕೆಯನ್ನಷ್ಟೇ ಕಿತ್ತುಕೊಂಡು, ಅದು ನಾಲ್ಕೋ ಅದಕ್ಕಿಂತ ಹೆಚ್ಚೋ ಆಗಿದ್ದರೆ ಹೊಸ ಪದ್ಧತಿ. ಕಡಿಮೆಯಾಗಿದ್ದರೆ ಹಳೆಯ ಪದ್ಧತಿ. ಹಳೆಯ ಪದ್ಧತಿ ಎಂದರೆ ಬೇರೇನಲ್ಲ, ಕದವನ್ನು ಪೂರ್ತಿ ತೆರೆದು, ನನ್ನ ಕೈಲಾಗದು, ಯಾರಾದರೂ ಹಿಡಿಕೆ ಹಿಡಿದು ನೋಡಿಕೊಳ್ಳಿ, ಎಂದು ಕೈಚೆಲ್ಲಿ ಕೂರುವುದು.

ಈ ಸಾಲನ್ನು ಮೊದಲು ನೋಡಿದವಳು ಅವನ ನಾದಿನಿ. ಹೆಂಡತಿಯ ತಂಗಿ, ಅದೇ ಕಾರ್ಖಾನೆಯಲ್ಲಿ ಎದುರು ಮೇಜು. ಅವನು ಬರೆದದ್ದನ್ನು ಅವಳು ಓದಿ ಒಪ್ಪಬೇಕು, ಅವಳು ಬರೆದದ್ದನ್ನು ಅವನು ಓದಿ ಒಪ್ಪಬೇಕು, ಆಮೇಲಷ್ಟೇ ಅದು ಯಂತ್ರಕ್ಕೆ ಹೋಗಬೇಕು. ಇದು ಕಾರ್ಖಾನೆಯ ಯಜಮಾನಿ ಮಾಡಿಟ್ಟ ಕಟ್ಟಳೆ.

"ಭಾವ, ಒಂದೇ ಅಂಕೆ ನೋಡ್ತಿದೀರಲ್ಲ," ಎಂದಳು ನಾದಿನಿ. "ನಾಳೆ ಹತ್ತನೇದು ಬಂದ್ರೆ? ಹತ್ತರ ಮೊದಲನೇ ಅಂಕೆ ಒಂದು. ಇದು ಒಂದನೇದು ಅಂದ್ಕೊಂಡು ಕದ ತೆಗೆದು ಕೂತ್ಕೊಳುತ್ತೆ."

"ಹತ್ತು!" ಎಂದು ಮೀಸೆರಾಯ ಕುರ್ಚಿಗೆ ಒರಗಿದ. "ಮೂರು ವರ್ಷಕ್ಕೊಂದು ಬಿಡೋ ಜನ ಅವರು. ಈಗಿನ್ನೂ ನಾಲ್ಕು. ಹತ್ತು ಬರೋ ಹೊತ್ತಿಗೆ ಈ ಕುರ್ಚೀಲಿ ನಿನ್ನ ಮೊಮ್ಮಕ್ಕಳು ಕೂತಿರ್ತಾರೆ."

"ಬಂದ್ರೆ?"

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಯಜಮಾನಿ ಚಹಾದ ಲೋಟ ಹಿಡಿದು ಆ ದಾರಿಯಲ್ಲಿ ಬಂದಳು. ಯಜಮಾನಿಯ ಎದುರು ನಾದಿನಿಯಿಂದ ಸೋಲುವುದೆಂದರೇನು? ಅವನು ಮೀಸೆಯ ಮೇಲೆ ಕೈ ಹಾಕಿದ.

"ಈ ಕಾರ್ಖಾನೆಗೆ ಹತ್ತನೇದು ಬಂದ ದಿನ ಅರ್ಧ ಮೀಸೆ ಬೋಳಿಸ್ಕೋತೀನಿ!"

"ಅರ್ಧ ಯಾಕ್ರೀ? ಪೂರ್ತಿ ಬೋಳಿಸ್ಕೊಳಿ," ಎಂದಳು ಯಜಮಾನಿ.

"ಬೇಡ ಮೇಡಂ. ಪೂರ್ತಿ ಬೋಳಿಸಿದ್ರೆ ಫ್ಯಾಶನ್ ಅಂತ ತಪ್ಪಿಸ್ಕೋತಾರೆ," ಎಂದಳು ನಾದಿನಿ. "ಅರ್ಧಾನೇ ಸರಿ. ನೀವು ಸಾಕ್ಷಿ." ಪಂತದ ಭರವಸೆಯ ಮೇಲೆ ಅವಳು ಆ ಸಾಲನ್ನು ಒಪ್ಪಿದಳು.

ಆಮೇಲೆ ಆ ದೂರದ ಜನಕ್ಕೆ ಅದ್ಯಾವ ಹುಚ್ಚು ಹಿಡಿಯಿತೋ, ಮೂರು ವರ್ಷಕ್ಕೊಂದು ಬಿಡುತ್ತಿದ್ದವರು ಆರು ತಿಂಗಳಿಗೊಂದು ಬಿಡತೊಡಗಿದರು. ಐದು ಬಂತು, ಅದರ ಬೆನ್ನಿಗೇ ಆರು ಬಂತು. ಹೊಸತು ಬಂದಾಗಲೆಲ್ಲ ಅದನ್ನು ಯಂತ್ರಕ್ಕೆ ಹಾಕುವ ಕೆಲಸ ಮೀಸೆರಾಯನದೇ; ತನ್ನ ಕೈಯಾರೆ ತಾನೇ ಒಂದೊಂದು ಮೆಟ್ಟಿಲು ಹತ್ತುತ್ತಿದ್ದ. ಏಳನ್ನು ಹಾಕಿದ ದಿನ ಅವನ ಮೇಜಿನ ಮೇಲೆ ಒಂದು ರೇಜರ್ ಇತ್ತು. ಎಂಟಕ್ಕೆ ಸೋಪು. ಒಂಬತ್ತಕ್ಕೆ ಬ್ರಷ್ಷು. ಇಟ್ಟವರು ಯಾರೆಂದು ಅವನು ಕೇಳಲಿಲ್ಲ, ನಾದಿನಿಯೂ ಹೇಳಲಿಲ್ಲ.

ಕೊನೆಗೆ ಹತ್ತು ಹೊರಬಂತು. "ಅದು ಇನ್ನೂ ಕಾಯಿ. ಹಣ್ಣಾಗಲಿ, ಆಮೇಲೆ ನೋಡೋಣ," ಎಂದು ಮೀಸೆರಾಯ ಕಾರ್ಖಾನೆಯ ಬಾಗಿಲಲ್ಲೇ ಅದನ್ನು ತಡೆದು ನಿಲ್ಲಿಸಿದ. ಎಷ್ಟು ದಿನ ನಡೆದೀತು? ದೊಡ್ಡ ಅಂಗಿ ಕಂಪನಿಯೊಂದು ಇವರ ಗುಂಡಿಗಳನ್ನು ಕೊಳ್ಳಲು ಮುಂದೆ ಬಂತು. ಆದರೆ ಯಂತ್ರದೊಳಗಿನ ಪ್ರತಿಯೊಂದೂ ಯಾವತ್ತೂ ಹೊಚ್ಚ ಹೊಸದಾಗಿರಬೇಕು ಎಂದು ಪಟ್ಟು ಹಿಡಿಯಿತು. ಅದನ್ನು ಕಣ್ಣಾರೆ ನೋಡಲು ತನ್ನ ಪರೀಕ್ಷಕಿಯನ್ನು ಕಳಿಸುವುದಾಗಿಯೂ ಹೇಳಿತು. ಬೇರೆ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಹೋಗಿದ್ದ ಕಾಲ ಅದು. ಯಜಮಾನಿ ಮೀಸೆರಾಯನನ್ನು ಬಿಟ್ಟು ನೇರವಾಗಿ ನಾದಿನಿಗೆ ಹೇಳಿದಳು: ಹೊಸ ಆವೃತ್ತಿ ಬಂದರೆ ತಾನಾಗಿಯೇ ತಂದು ಹಾಕುವಂಥ ಒಂದು ಪ್ರೋಗ್ರಾಮ್ ಬರೆ.

ನಾದಿನಿ ಬರೆದು ಭಾವನ ಮುಂದಿಟ್ಟಳು. ಓದಿ ಒಪ್ಪಬೇಕಾದವನು ಅವನೇ ತಾನೆ? ಅವನು ಪರದೆಯ ಮುಂದೆ ಬಹಳ ಹೊತ್ತು ಕೂತ. ಕಣ್ಣು ಅಕ್ಷರದ ಮೇಲಿತ್ತು, ಮನಸ್ಸು ಮೂಗಿನ ಕೆಳಗಿತ್ತು. ಒಂದು ಸಾಲೂ ತಲೆಗೆ ಹೋಗದೆ, "ಚೆನ್ನಾಗಿದೆ," ಎಂದು ಒಪ್ಪಿಗೆ ಕೊಟ್ಟುಬಿಟ್ಟ. ಓದಿದ್ದರೆ ಅದರಲ್ಲಿ ಎರಡು ಸಂಗತಿ ಕಾಣುತ್ತಿದ್ದವು. ಆ ಪ್ರೋಗ್ರಾಮ್ ಕೇಳುವುದು ಒಂದೇ ಸಲವಲ್ಲ, ಹತ್ತು ನಿಮಿಷಕ್ಕೊಮ್ಮೆ ರನ್‌ಟೈಮನ್ನು ನೀನು ಎಷ್ಟನೆಯದು ಎಂದು ವಿಚಾರಿಸುತ್ತದೆ. ಹೊಸತನ್ನು ತಂದು ಹಾಕಿದ ಮೇಲೆ ಸುಮ್ಮನಿರುವುದಿಲ್ಲ, ಕಾರ್ಖಾನೆಯ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತದೆ.

ಪರೀಕ್ಷಕಿ ಬರುವ ಹಿಂದಿನ ಸಂಜೆ ಮೀಸೆರಾಯನಿಗೆ ಉಪಾಯ ಹೊಳೆಯಿತು. ಹತ್ತು ಬರುವುದನ್ನು ತಡೆಯಲಾಗದು, ಸರಿ. ಬಂದದ್ದು ಗೊತ್ತಾಗದಿದ್ದರಾಯಿತಲ್ಲ? ಯಂತ್ರದೊಳಗೆ ರನ್‌ಟೈಮಿನ ಬಾಗಿಲಲ್ಲಿ ಅವನೊಬ್ಬ ದಲ್ಲಾಳಿಯನ್ನು ಕೂರಿಸಿದ. ನಾಲ್ಕೇ ಸಾಲಿನ ಚಿಕ್ಕ ಪ್ರೋಗ್ರಾಮ್ ಅದು. ಯಾರು ಬಂದು ಎಷ್ಟನೆಯದು ಎಂದು ಕೇಳಿದರೂ ಆ ಪ್ರಶ್ನೆಯನ್ನು ಒಳಗೆ ಬಿಡದೆ, ತಾನೇ 'ಒಂಬತ್ತು' ಎಂದು ಹೇಳಿ ಕಳಿಸುತ್ತಿತ್ತು. ಗುಂಡಿ ಬೇರ್ಪಡಿಸುವ ಪ್ರೋಗ್ರಾಮಿಗೂ ಒಂಬತ್ತು ಎಂದೇ ಕೇಳುವುದರಿಂದ ಕದದ ಗೊಡವೆಯೂ ಇಲ್ಲ. ಆ ಒಂದಂಕೆಯ ಸಾಲನ್ನೇ ಸರಿಪಡಿಸಬಹುದಿತ್ತಲ್ಲ ಎಂದರೆ, ಸರಿಪಡಿಸಿದರೆ ಅದು ನಾದಿನಿಯ ಮೇಜಿಗೆ ಹೋಗಬೇಕು, ಅವಳು ರೇಜರ್ ಎಲ್ಲಿ ಎಂದು ಕೇಳಬೇಕು! ದಲ್ಲಾಳಿಯನ್ನು ಅವನು ಯಾರ ಒಪ್ಪಿಗೆಯೂ ಇಲ್ಲದೆ ಸೀದಾ ಯಂತ್ರಕ್ಕೇ ಹಾಕಿದ. ಮನೆಗೆ ಹೋಗುವಾಗ ಸೀಟಿ ಹೊಡೆದುಕೊಂಡು ಹೋದ.

ಮರುದಿನ ಪರೀಕ್ಷಕಿ ಬಂದಳು. ಬಿಳಿಗೂದಲಿನ ಹೆಂಗಸು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಬಂದವಳೇ ಒಂದು ಗುಂಡಿ ಎತ್ತಿ ಅದರ ತೂತುಗಳನ್ನು ಅಳೆಯುವವಳಂತೆ ನೋಡಿದಳು. ಯಜಮಾನಿ ಪಕ್ಕದಲ್ಲಿ ನಿಂತಿದ್ದಳು. ಯಂತ್ರ ಗುಂಯ್ಗುಡುತ್ತಿತ್ತು, ಗುಂಡಿಗಳು ಟಿಕ್ ಟಿಕ್ ಎಂದು ಬೀಳುತ್ತಿದ್ದವು. ಎಲ್ಲವೂ ಚೆಂದ.

ಆಗ, ಪರೀಕ್ಷಕಿಯ ಕಣ್ಣೆದುರೇ ಮೊದಲ ಸಲ ಓಡಲೆಂದು ಇಟ್ಟಿದ್ದ ನಾದಿನಿಯ ಪ್ರೋಗ್ರಾಮ್ ಎದ್ದಿತು. ಎಷ್ಟನೆಯದು ಎಂದು ಕೇಳಿತು, ಒಂಬತ್ತು ಎಂದು ಉತ್ತರ ಬಂತು. ಹೊರಗೆ ಹತ್ತು ಇದೆಯಲ್ಲ ಎಂದು ಅದನ್ನು ತಂದು ಹಾಕಿ ಯಂತ್ರವನ್ನು ಒಮ್ಮೆ ನಿಲ್ಲಿಸಿ ಶುರುಮಾಡಿತು. ಶುರುವಾಗುವಾಗ ಕದ ಒಮ್ಮೆ ಮೈಮುರಿದು ಸೆಟೆಯುವುದು ವಾಡಿಕೆ. ಒಂದು ಹಿಡಿ ಗುಂಡಿ ನೆಲಕ್ಕೆ ಚೆಲ್ಲಿತು. ಮೇಲಿನಿಂದ ಧ್ವನಿವರ್ಧಕ ಮದುವೆಮನೆಯ ಹುರುಪಿನಲ್ಲಿ ಕೂಗಿತು: "ಸಂತಸದ ಸುದ್ದಿ! ಹತ್ತನೇ ಆವೃತ್ತಿ ಬಂದಿದೆ!"

ನಾದಿನಿ ನಿಧಾನವಾಗಿ ತಿರುಗಿ ಭಾವನ ಮೀಸೆಯನ್ನು ನೋಡಿದಳು.

"ಅದು... ಸುಮ್ನೆ ಪರೀಕ್ಷೆಗೆ ಕೂಗಿದ್ದು," ಎಂದ ಮೀಸೆರಾಯ. "ಬೇಕಾದ್ರೆ ಕೇಳಿ ನೋಡು. ಒಂಬತ್ತೇ ಅನ್ನುತ್ತೆ."

ಅವಳು ಪರದೆಯ ಮುಂದೆ ಹೋಗಿ ಕೇಳಿದಳು. ಒಂಬತ್ತೇ ಎಂದಿತು. ಅವಳು ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದ ಹಾಗೆಯೇ ಮುಂದಿನ ಸರದಿ ಬಂತು. ಪ್ರೋಗ್ರಾಮ್ ಕೇಳಿತು, ದಲ್ಲಾಳಿ ಒಂಬತ್ತು ಎಂದ, ಅಯ್ಯೋ ಇನ್ನೂ ಹಳೆಯದೇ ಎಂದು ಅದು ಇನ್ನೊಮ್ಮೆ ಹತ್ತನ್ನು ತಂದು ಹಾಕಿತು. ಕದ ಸೆಟೆಯಿತು, ಇನ್ನೊಂದು ಹಿಡಿ ಗುಂಡಿ ಚೆಲ್ಲಿತು. "ಸಂತಸದ ಸುದ್ದಿ! ಹತ್ತನೇ ಆವೃತ್ತಿ ಬಂದಿದೆ!"

"ಮತ್ತೆ ಬಂತಾ?" ಎಂದಳು ಪರೀಕ್ಷಕಿ.

"ಬಂದಿಲ್ಲ ಮೇಡಂ," ಎಂದ ಮೀಸೆರಾಯ.

"ಬಂದಿದೆ ಅಂತ ಅದೇ ಕೂಗ್ತಿದೆಯಲ್ಲ."

ಯಾವುದು ಈ ಜನ್ಮದಲ್ಲಿ ಬರಬಾರದು ಎಂದು ಅವನು ಹಾರೈಸಿದ್ದನೋ ಅದು ಈಗ ಹತ್ತು ನಿಮಿಷಕ್ಕೊಮ್ಮೆ ಬರತೊಡಗಿತು. ಬಂದಾಗಲೆಲ್ಲ ಹೊಸದಾಗಿ ಸಂಭ್ರಮಪಟ್ಟು, ಒಂದು ಹಿಡಿ ಗುಂಡಿ ಎರಚಿ, ಊರಿಗೆಲ್ಲ ಸಾರಿತು. ಮೀಸೆರಾಯ ಪ್ರತಿ ಸಲವೂ "ಎಲ್ಲ ಸರಿ ಇದೆ, ಎಲ್ಲ ಸರಿ ಇದೆ" ಎನ್ನುತ್ತ ಕಾಲಿನಿಂದ ಗುಂಡಿಗಳನ್ನು ಯಂತ್ರದಡಿಗೆ ತಳ್ಳುತ್ತಿದ್ದ. ಮೀಸೆ ಇದ್ದದ್ದರಿಂದ ಯಜಮಾನಿ ಮೊದಮೊದಲು ನಂಬಿದಳು ಕೂಡ. ಆಮೇಲೆ ಅವಳ ಮೂಗಿನ ತುದಿ ಕೆಂಪಾಯಿತು.

ನಾದಿನಿ ದಡ್ಡಿಯಲ್ಲ. ಬಾಯಿಮಾತು ಕೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಹೊಳೆದುಹೋಯಿತು. ಹತ್ತನೆಯದಕ್ಕೆ ಮಾತ್ರ ಮಾಡಲು ಬರುವ, ಒಂಬತ್ತಕ್ಕೆ ಬಾರದ ಒಂದು ಕೆಲಸವನ್ನು ಬರೆದು ರನ್‌ಟೈಮಿಗೆ ಕೊಟ್ಟು ನೋಡಿದಳು. ಅದು ತಕರಾರಿಲ್ಲದೆ ಮಾಡಿ ಮುಗಿಸಿತು. ಅವಳು ಬಂದು ಭಾವನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು.

"ಭಾವ, ಬಾಯಲ್ಲಿ ಒಂಬತ್ತು ಅಂತಿದೆ, ಕೈಯಲ್ಲಿ ಹತ್ತರ ಕೆಲ್ಸ ಮಾಡ್ತಿದೆ. ನಡುವೆ ಯಾರೋ ಸುಳ್ಳು ಹೇಳ್ತಿದಾರೆ. ಯಾರಿರಬಹುದು?"

ಅವನು ಉತ್ತರಿಸುವ ಮೊದಲೇ ಧ್ವನಿವರ್ಧಕ ಇನ್ನೊಮ್ಮೆ ಸಂತಸಪಟ್ಟಿತು. ಪರೀಕ್ಷಕಿ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. "ತಾನು ಎಷ್ಟನೇದು ಅಂತಲೇ ಗೊತ್ತಿಲ್ಲದ ಯಂತ್ರ ನಮ್ಮ ಗುಂಡಿ ಹೇಗೆ ಎಣಿಸುತ್ತೆ? ನಾನು ಬರ್ತೀನಿ," ಎಂದು ಬಾಗಿಲ ಕಡೆ ಹೊರಟಳು. ಯಜಮಾನಿ ಅವಳ ಹಿಂದೆ ಓಡಿದಳು. ಓಡುವಾಗ ಒಮ್ಮೆ ತಿರುಗಿ ಮೀಸೆರಾಯನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ದಿಗಿಲಿತ್ತು. ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ.

"ಒಂದ್ನಿಮಿಷ!" ಎಂದು ಕೂಗಿ ಅವನು ಪರದೆಗೆ ಹಾರಿದ. ದಲ್ಲಾಳಿಯನ್ನು ಬಾಗಿಲಿನಿಂದ ಎಬ್ಬಿಸಿ ಓಡಿಸಿದ. "ಹತ್ತು ಬಂದಿದೆ ಮೇಡಂ! ನಿಜವಾಗಿ ಬಂದಿದೆ! ಸುಳ್ಳು ಹೇಳಿಸಿದ್ದು ನಾನು. ಈಗ ತೆಗೆದೆ, ನೋಡಿ!" ಎಂದು ಎದೆಯುಬ್ಬಿಸಿ ಯಂತ್ರವನ್ನು ಶುರುಮಾಡಿದ.

"ಭಾವ, ಆ ಸಾಲು!" ಎಂದು ನಾದಿನಿ ಕಿರುಚಿದಳು.

ತಡವಾಗಿತ್ತು. ಪ್ರೋಗ್ರಾಮ್ ತನ್ನ ರನ್‌ಟೈಮನ್ನು ಎಷ್ಟನೆಯದು ಎಂದು ಕೇಳಿತು. ಈ ಸಲ ದಲ್ಲಾಳಿ ಇರಲಿಲ್ಲ. '10.0.1' ಎಂದು ಅದು ಸತ್ಯವನ್ನೇ ನುಡಿಯಿತು. ಪ್ರೋಗ್ರಾಮ್ ಮೊದಲ ಅಂಕೆಯನ್ನು ಕಿತ್ತುಕೊಂಡು ನೋಡಿತು: ಒಂದು. ಅಯ್ಯೋ ಪಾಪ, ಅಷ್ಟು ಹಳೆಯದೇ ಎಂದು ಮರುಗಿ, ಹಳೆಯ ಪದ್ಧತಿಯಂತೆ ಕದವನ್ನು ಪೂರ್ತಿ ತೆರೆದು ಕೈಚೆಲ್ಲಿ ಕೂತಿತು.

ತೊಟ್ಟಿಯಲ್ಲಿದ್ದ ಗುಂಡಿಗಳೆಲ್ಲ ಒಟ್ಟಿಗೇ ಹೊರಟವು. ಬೆಲ್ಟು ತುಂಬಿತು, ನೆಲ ತುಂಬಿತು. ಯಜಮಾನಿ ಜಾರಿ ಪೊಟ್ಟಣಗಳ ರಾಶಿಯ ಮೇಲೆ ಕೂತಳು. ಬಾಗಿಲ ತನಕ ಹೋಗಿದ್ದ ಪರೀಕ್ಷಕಿಯ ಮೊಣಕಾಲಿನ ಮಟ್ಟಕ್ಕೆ ಗುಂಡಿ ಬಂದು, ಅವಳು ಹೊರಗೂ ಹೋಗಲಾರದೆ ಒಳಗೂ ಬರಲಾರದೆ ನಿಂತಳು. ಮೀಸೆರಾಯ ಗುಂಡಿಗಳ ಮೇಲೆ ಈಜುವವನಂತೆ ಹೋಗಿ ಹಿಡಿಕೆಗೆ ಜೋತುಬಿದ್ದ. ಎರಡೂ ಕೈಯಿಂದ ಮೈಭಾರವೆಲ್ಲ ಹಾಕಿ ಎಳೆದರೆ ಕದ ಮುಚ್ಚಿತು. ಬಿಟ್ಟರೆ ತೆರೆಯುತ್ತಿತ್ತು. ಯಂತ್ರ ನಿಲ್ಲಿಸಿದರೂ ಕದ ತೆರೆದೇ ಇರುವಂಥದ್ದು. ಪ್ರೋಗ್ರಾಮ್ ಸರಿಯಾಗುವ ತನಕ ಅವನು ಅಲ್ಲಿಂದ ಅಲ್ಲಾಡುವಂತಿರಲಿಲ್ಲ.

"ಆ ಸಾಲು ತಿದ್ದೇ! ಮೊದಲ ಅಂಕೆ ಅಲ್ಲ, ಚುಕ್ಕಿ ಬರೋ ತನಕ ಇರೋದನ್ನೆಲ್ಲ ಸೇರಿಸಿ ಒಂದು ಸಂಖ್ಯೆ ಮಾಡಿ ಓದು ಅಂತ ಬರಿ!"

ನಾದಿನಿ ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲಿಯೇ ನಿಂತಿತು.

"ಬರೀತೀನಿ ಭಾವ. ಮೀಸೆ ವಿಷ್ಯ ಏನ್ಮಾಡೋಣ?"

"ಈಗ್ಲಾ?"

"ಈಗಲ್ದೆ ಇನ್ಯಾವಾಗ? ನಿಮ್ಮ ಎರಡೂ ಕೈ ಖಾಲಿ ಇಲ್ಲದಾಗ್ಲೇ ಕೇಳ್ಬೇಕು."

"ಬೋಳಿಸ್ಕೋತೀನಿ! ಅರ್ಧ! ಇವತ್ತೇ!"

ಟಕಟಕನೆ ಬರೆದಳು. ಬರೆದು ಮತ್ತೆ ನಿಂತಳು. "ನೀವು ಓದಿ ಒಪ್ಬೇಕು. ಕಟ್ಟಳೆ."

"ಕಟ್ಟಳೆ ಮನೆ ಹಾಳಾಗ!" ಎಂದು ಯಜಮಾನಿ ಪೊಟ್ಟಣಗಳ ನಡುವಿನಿಂದ ಕೂಗಿದಳು. ಆದರೂ ನಾದಿನಿ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದಳು. ಮೀಸೆರಾಯ ಹಿಡಿಕೆಗೆ ನೇತಾಡುತ್ತಲೇ ಕಣ್ಣು ಮುಚ್ಚಿ, ಈ ಸಲ ಪ್ರತಿ ಅಕ್ಷರವನ್ನೂ ಕೇಳಿಸಿಕೊಂಡು, "ಒಪ್ಪಿದೆ," ಎಂದ. ಪ್ರೋಗ್ರಾಮ್ ಮತ್ತೆ ಶುರುವಾಯಿತು, ಹತ್ತನ್ನು ಹತ್ತೆಂದೇ ಓದಿಕೊಂಡಿತು, ಕದ ಕ್ಲಿಕ್ ಎಂದು ತನ್ನ ಜಾಗಕ್ಕೆ ಕೂತ ಮೇಲೆ ಅವನು ಕೈಬಿಟ್ಟು ಗುಂಡಿಗಳ ಮೇಲೆಯೇ ಕುಸಿದ.

ಪರೀಕ್ಷಕಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿಸಿಕೊಂಡಳು. ಪಂತದ ಕಥೆ ಬಂದಾಗ ಎರಡು ಸಲ ಕೇಳಿದಳು. ಒಂದಿಷ್ಟೂ ನಗಲಿಲ್ಲ.

"ನಾಳೆ ಬೆಳಿಗ್ಗೆ ಬರ್ತೀನಿ," ಎಂದಳು. "ಯಂತ್ರ ಎಣಿಸೋದನ್ನೂ ನೋಡ್ತೀನಿ, ನಿಮ್ಮ ಮುಖಾನೂ ನೋಡ್ತೀನಿ. ಆಡಿದ ಮಾತು ಉಳಿಸ್ಕೊಳ್ಳದೋರ ಹತ್ರ ನಾವು ಗುಂಡಿ ತಗೊಳಲ್ಲ."

ಸಂಜೆ ಮೀಸೆರಾಯ ಕ್ಷೌರದಂಗಡಿಗೆ ಹೋದ. ವರ್ಷಗಟ್ಟಲೆ ಆ ಮೀಸೆಯ ಅಂಚು ಕತ್ತರಿಸಿ ಬಾಚಿಕೊಟ್ಟಿದ್ದ ಕ್ಷೌರಿಕ ವಿಷಯ ಕೇಳಿ ಕತ್ತರಿ ಕೆಳಗಿಟ್ಟ. "ಯಾವ ಅರ್ಧ?" ಎಂದ. ಪಂತ ಕಟ್ಟುವಾಗ ಅದನ್ನು ಯಾರೂ ಯೋಚಿಸಿರಲಿಲ್ಲ. ನಾದಿನಿಗೆ ಫೋನ್ ಮಾಡಿದರು. "ಎಡಗಡೆ," ಎಂದಳು, "ನನ್ನ ಮೇಜಿಗೆ ಅದೇ ಕಾಣೋದು." ಕ್ಷೌರಿಕ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಎಡಗಡೆಯದನ್ನು ತೆಗೆದ. ಕನ್ನಡಿಯಲ್ಲಿ ಬಲಗಡೆ ಗಂಭೀರವಾಗಿತ್ತು, ಎಡಗಡೆ ನಗುತ್ತಿತ್ತು. ಮೀಸೆರಾಯ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, ಹಲ್ಲುನೋವಿನವನಂತೆ ಮನೆಗೆ ನಡೆದ.

ತಂಗಿಯಿಂದ ಹೆಂಡತಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಅವಳು ಕರವಸ್ತ್ರ ಸರಿಸಿ ಎಡಗಡೆಯನ್ನು ನೋಡಿದಳು. ಹತ್ತಿರ ಬಂದು ನೋಡಿದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಮೇಲೇರಿತು.

"ಅಂದ್ರೆ ಇಷ್ಟು ವರ್ಷ ನಾನು ಬೈವಾಗೆಲ್ಲ ನೀವು ಮೀಸೆಯೊಳಗೇ ನಗ್ತಿದ್ರಾ?"

"ನಗೋದಲ್ಲ ಕಣೇ ಅದು! ಹುಟ್ಟಿದ್ದೇ ಹಾಗೆ!" ಎಂದು ಅವನು ಕೂತು ಎಲ್ಲವನ್ನೂ ಹೇಳಿದ. ಶಾಲೆಯ ಏಟು, ದೊಡ್ಡಪ್ಪನ ಸಾವು, ಮೊದಲ ಕೆಲಸದ ಬೆಂಕಿ. ಯಾರಿಗೂ ಹೇಳದ ಮಾತುಗಳು. "ನಾಳೆ ಆ ಹೆಂಗಸಿನ ಎದುರು ನಿಂತು ಮಾತಾಡಬೇಕು. ಅವಳು ಒಪ್ಪದೇ ಹೋದ್ರೆ ಕಾರ್ಖಾನೆ ಮುಚ್ಚುತ್ತೆ. ಎಲ್ಲಾ ನನ್ನಿಂದ. ನನಗೆ ಭಯ ಆಗ್ತಿದೆ."

ಹೆಂಡತಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಆನಿಕೊಂಡು ನಕ್ಕಳು.

"ನೋಡಿದ್ಯಾ?" ಎಂದ ಅವನು. "ಇದಕ್ಕೇ ನಾನು ಮೀಸೆ ಬಿಟ್ಟಿದ್ದು. ನೀನೂ ನಂಬ್ಲಿಲ್ಲ."

"ನಂಬ್ಲಿಲ್ಲ ಅಂತ ಯಾರಂದ್ರು?" ಅವಳು ಕಣ್ಣೊರೆಸಿಕೊಂಡಳು. "ನಂಬಿದೆ. ನಗೂನೂ ಬಂತು. ಎರಡೂ ಒಟ್ಟಿಗೆ ಬರಬಾರದಾ?"

ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಅವನಿಗೆ ಇದ್ದಕ್ಕಿದ್ದಂತೆ ಅಳು ಬಂತು. ಮುಖದ ಎಡಭಾಗ ನಗುತ್ತಲೇ ಇತ್ತು. ಹೆಂಡತಿ ನಗು ನಿಲ್ಲಿಸಿ ಅವನ ಪಕ್ಕ ಕೂತು ಬೆನ್ನು ಸವರಿದಳು, ಏಕೆಂದರೆ ಅವಳಿಗೆ ಕಂಡದ್ದು ಅಳುವೇ.

ಅವನ ಅಳು ಇಳಿದ ಮೇಲೆ ಅವಳೆಂದಳು: "ಅರ್ಧ ನನ್ನ ತಂಗಿಗೆ ಹೋಯ್ತು. ಉಳಿದರ್ಧ ನನ್ನದು. ಆ ರೇಜರ್ ಎಲ್ಲಿಟ್ಟಿದೀರಿ?"

ಬೆಳಿಗ್ಗೆ ಪರೀಕ್ಷಕಿ ಬಂದಾಗ ಯಂತ್ರ ಓಡುತ್ತಿತ್ತು, ನೆಲ ಗುಡಿಸಿ ಚೊಕ್ಕವಾಗಿತ್ತು. ಅವಳು ಮೊದಲು ಬಂದದ್ದು ಮೀಸೆರಾಯನ ಹತ್ತಿರ. ಭೂತಗನ್ನಡಿ ತೆಗೆದು, ಗುಂಡಿಯ ತೂತು ನೋಡಿದ ಹಾಗೆಯೇ ಅವನ ತುಟಿ ನೋಡಿದಳು.

"ಅರ್ಧ ಅಂತಲ್ವಾ ಮಾತಿದ್ದದ್ದು?"

"ಅರ್ಧ ಪಂತಕ್ಕೆ ಹೋಯ್ತು ಮೇಡಂ. ಇನ್ನರ್ಧ ಹೆಂಡ್ತಿಗೆ."

"ನೀವು ನಗ್ತಿದೀರಾ?"

"ಇಲ್ಲ ಮೇಡಂ. ಮುಖಾನೇ ಹಾಗೆ. ಒಳಗೆ ನಡುಗ್ತಿದೀನಿ. ತಪ್ಪು ನಂದು. ಯಂತ್ರ ನಿಜ ಹೇಳ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ. ಇನ್ಮೇಲೆ ಮುಚ್ಚಲ್ಲ."

ಪರೀಕ್ಷಕಿ ಅವನನ್ನೇ ನೋಡಿದಳು. ನಿನ್ನೆ ಗುಂಡಿಗಳ ನಡುವೆ ಸಿಕ್ಕಿಕೊಂಡಾಗಲೂ ಬಿಗಿದುಕೊಂಡೇ ಇದ್ದ ಅವಳ ತುಟಿ ಒಂದು ಸಲ ನಡುಗಿತು, ಎರಡು ಸಲ ನಡುಗಿತು, ಆಮೇಲೆ ಅವಳು ತಲೆ ಹಿಂದಕ್ಕೆ ಹಾಕಿ ಗಹಗಹಿಸಿ ನಕ್ಕುಬಿಟ್ಟಳು. ನಗುತ್ತಲೇ ಯಜಮಾನಿಯ ಕಡೆ ತಿರುಗಿ, "ಗುಂಡಿ ಯಾವಾಗ ಕಳಿಸ್ತೀರಿ?" ಎಂದಳು.

ಅವಳು ಹೋದ ಮೇಲೆ ನಾದಿನಿ ಕುರ್ಚಿ ತಿರುಗಿಸಿ ಎದುರು ಮೇಜನ್ನು ನೋಡಿದಳು. ಅಲ್ಲಿ ಕೂತಿದ್ದವನ ಜೇಬಿನ ಮೇಲಿನ ಹೆಸರನ್ನು ಇದೇ ಮೊದಲ ಸಲ ಓದಿದಳು ಕೂಡ.

"ಭಾವ, ಆ ಸಾಲು ನೂರು ಬಂದ್ರೂ ಸರಿಯಾಗಿ ಓದುತ್ತಾ?"

"ನೂರೇನು, ಸಾವಿರ ಬಂದ್ರೂ ಓದುತ್ತೆ!" ಎಂದು ಅವನು ಕುರ್ಚಿಗೆ ಒರಗಿದ. "ಓದದೇ ಇದ್ರೆ ನನ್ನ..."

ಕೈ ಅಭ್ಯಾಸಬಲದಿಂದ ಮೂಗಿನ ಕೆಳಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅವನು ಕೈ ಕೆಳಗಿಳಿಸಿ, ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

"ಯಾವುದಕ್ಕೂ ನೀನೊಂದ್ಸಲ ನೋಡಿಬಿಡು," ಎಂದ.